ನೆಲದೊಳಗಿನ ಕಲ್ಲು ಯಾರ ಲೆಕ್ಕಕ್ಕೆ?

ದೆಹಲಿಯ ವಾಯವ್ಯ ದಿಕ್ಕಿಗಿರುವ ಪೀತಮ್‌ಪುರಕ್ಕೆ ದೂರದಿಂದಲೇ ಕಾಣುವ ಗುರುತೆಂದರೆ 1988ರಲ್ಲಿ ಎದ್ದು ನಿಂತ 235 ಮೀಟರ್ ಎತ್ತರದ ಟಿ.ವಿ. ಗೋಪುರ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ನಿವೇಶನ ಹಂಚಿ ಬೆಳೆಸಿದ ಬಡಾವಣೆ ಇದು. 2004ರ ಮಾರ್ಚ್ ಕೊನೆಯಲ್ಲಿ ಇಂದರ್‌ಲೋಕ್–ರಿಠಾಲಾ ಮೆಟ್ರೊ ಶುರುವಾದಾಗ ಇಲ್ಲಿಗೂ ಒಂದು ನಿಲ್ದಾಣ ಬಂತು. ಈಗ ಇಲ್ಲಿ ಮನೆ ಕೆಡವುವ, ಕಟ್ಟುವ ಕೆಲಸ ಬಿರುಸಾಗಿದೆ. ಎಂಬತ್ತರ ದಶಕದ ಒಂದೆರಡು ಅಂತಸ್ತಿನ ಮನೆಗಳು ನೆಲಸಮವಾಗಿ, ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಮಹಡಿ ಇರುವ ಕಟ್ಟಡಗಳು ಏಳುತ್ತಿವೆ. ಜಾಗ ಮನೆಯೊಡೆಯನದು, ಖರ್ಚು ಬಿಲ್ಡರನದು. ಕೊನೆಗೆ ಒಂದೋ ಎರಡೋ ಮಹಡಿ ಬಿಲ್ಡರನ ಪಾಲಿಗೆ. ಇದಕ್ಕೆ ಅಲ್ಲಿಯವರು ‘ಕೊಲಾಬರೇಶನ್’ ಅನ್ನುತ್ತಾರೆ.

ಇಂಥ ಕರಾರು ಪತ್ರಗಳಲ್ಲಿ ನಲ್ಲಿ ಯಾವ ಕಂಪನಿಯದು, ಲಿಫ್ಟಿನಲ್ಲಿ ಎಷ್ಟು ಜನ ಹಿಡಿಸಬೇಕು, ಅಡುಗೆಮನೆಯ ಕಲ್ಲು ಯಾವ ಬಣ್ಣದ್ದು ಎಂಬುದೆಲ್ಲ ಪುಟಗಟ್ಟಲೆ ಇರುತ್ತದೆ. ಮಣ್ಣಿನ ವಿಷಯ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಆದರೆ ಕೆಲಸ ಶುರುವಾಗುವುದು ಮಣ್ಣಿನಿಂದಲೇ. ಪೀತಮ್‌ಪುರದ ನೆಲ ಯಮುನೆ ತಂದು ಹರವಿದ ಮೆಕ್ಕಲು: ನಯವಾದ ಧೂಳುಮಣ್ಣು, ಮರಳು, ನಡುನಡುವೆ ಸುಣ್ಣದ ಗಂಟುಗಳಂಥ ಕಂಕರ್. ಪಕ್ಕದ ಹೈದರ್‌ಪುರದಲ್ಲಿ ಪಶ್ಚಿಮ ಯಮುನಾ ಕಾಲುವೆ ಹಾದುಹೋಗುತ್ತದೆ. ದಕ್ಷಿಣ ದೆಹಲಿಯಲ್ಲಿ ಅಂತರ್ಜಲ ಪಾತಾಳ ಸೇರಿದ್ದರೆ, ವಾಯವ್ಯದ ಎಷ್ಟೋ ಕಡೆ ನೀರು ನೆಲದ ಹತ್ತಿರವೇ ಇದೆ. ತಳಮನೆಗೆಂದು ಮೂರು ನಾಲ್ಕು ಮೀಟರ್ ಅಗೆದಾಗ ಮರಳು ನೀರಿನ ಜೊತೆ ಜಾರಿಬರಬಹುದು. ಎರಡೂ ಬದಿಗೆ ಅಂಟಿಕೊಂಡಂತೆ ನೆರೆಯವರ ಹಳೆಯ ಗೋಡೆಗಳಿವೆ. ಬಿರುಕು ಮೊದಲು ಕಾಣಿಸುವುದು ಅಲ್ಲಿ.

ಆಗ ಪಂಪು ಇಟ್ಟು ನೀರು ಹೊರಹಾಕಬೇಕು, ಗುಂಡಿಯ ಬದಿಗೆ ಹಲಗೆ ಅಥವಾ ಉಕ್ಕಿನ ಆಧಾರ ಕೊಡಬೇಕು, ಪಾಯದ ನಕ್ಷೆಯನ್ನೇ ಬದಲಿಸಬೇಕಾಗಿಯೂ ಬರಬಹುದು. ಈ ಖರ್ಚು ಯಾರದು? ‘ಕಟ್ಟಿಕೊಡುತ್ತೇನೆ ಅಂದವನು ನೀನು’ ಅನ್ನುತ್ತಾನೆ ಮನೆಯೊಡೆಯ. ‘ಜಾಗ ನಿಮ್ಮದು, ಅದರ ಕೆಳಗಿನ ನೀರೂ ನಿಮ್ಮದೇ’ ಅನ್ನುತ್ತಾನೆ ಬಿಲ್ಡರ್. ಇಬ್ಬರ ಮಾತಿನಲ್ಲೂ ಅರ್ಧ ನ್ಯಾಯವಿದೆ. ಒಂದು ಮನೆಯ ಅಂಗಳದಲ್ಲಿ ಏಳುವ ಈ ಜಗಳ ಸಾವಿರಾರು ಕೋಟಿಯ ಮೆಟ್ರೊ ಸುರಂಗದಲ್ಲೂ, ಹಿಮಾಲಯದ ಜಲವಿದ್ಯುತ್ ಯೋಜನೆಯಲ್ಲೂ ಹೀಗೇ ಏಳುತ್ತದೆ. ಅಲ್ಲಿ ವಕೀಲರು ಇರುತ್ತಾರೆ, ಅಷ್ಟೇ.

ಕಾನೂನು ಈ ವಿಷಯದಲ್ಲಿ ಬಹುಕಾಲ ಗುತ್ತಿಗೆದಾರನ ಮೇಲೆ ಕಠಿಣವಾಗಿಯೇ ಇತ್ತು. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಮೊಕದ್ದಮೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಥೇಮ್ಸ್ ನದಿಯಲ್ಲಿ ಕಂಬ ಕಟ್ಟಲು ನಕ್ಷೆಯಲ್ಲಿ ತೋರಿಸಿದ್ದ ಕೈಸನ್‌ಗಳು, ಅಂದರೆ ನೀರು ತಡೆಯುವ ಕಬ್ಬಿಣದ ಪೆಟ್ಟಿಗೆಗಳು, ನೀರಿನ ಒತ್ತಡ ತಡೆಯಲಿಲ್ಲ. ಇಳಿತದ ಹೊತ್ತಿನಲ್ಲಷ್ಟೇ ಕೆಲಸ ಮಾಡಬೇಕಾಯಿತು. ನಕ್ಷೆ ಕೊಟ್ಟವರು ಮಾಲೀಕರ ಎಂಜಿನಿಯರ್. ಆದರೂ 1876ರಲ್ಲಿ ಹೌಸ್ ಆಫ್ ಲಾರ್ಡ್ಸ್ ಗುತ್ತಿಗೆದಾರ ಥಾರ್ನ್ ವಿರುದ್ಧ ತೀರ್ಪು ಕೊಟ್ಟಿತು: ಹೀಗೆಯೇ ಕಟ್ಟಬಹುದು ಎಂಬ ಖಾತರಿಯನ್ನು ಮಾಲೀಕ ಕೊಟ್ಟಿಲ್ಲ, ಟೆಂಡರ್ ಹಾಕುವ ಮೊದಲು ನೀನೇ ವಿಚಾರಿಸಿಕೊಳ್ಳಬೇಕಿತ್ತು. ನಮ್ಮ ದೇಶದ 1872ರ ಕರಾರು ಅಧಿನಿಯಮದ 56ನೆಯ ಸೆಕ್ಷನ್ ಕೆಲಸ ಅಸಾಧ್ಯವಾದರೆ ಕರಾರು ಬಿದ್ದುಹೋಗುತ್ತದೆ ಅನ್ನುತ್ತದೆ, ಕಷ್ಟವಾದರೆ ಅಲ್ಲ. 1960ರ ಅಲೋಪಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದು ಸೈನ್ಯಕ್ಕೆ ತುಪ್ಪ ಪೂರೈಸುವ ಕರಾರು. ಯುದ್ಧ ಬಂದು ಖರ್ಚು ಏರಿತು ಎಂಬ ಒಂದೇ ಕಾರಣಕ್ಕೆ ಒಪ್ಪಿದ ದರ ಬಿಟ್ಟು ಬೇರೆ ದರ ಕೇಳುವಂತಿಲ್ಲ ಎಂದು ತೀರ್ಪಾಯಿತು. ನೆಲದಲ್ಲಿ ಬಂಡೆ ಸಿಕ್ಕ ಗುತ್ತಿಗೆದಾರನಿಗೂ ಇದೇ ತರ್ಕ. ಆದ್ದರಿಂದ ಅವನಿಗೆ ಏನಾದರೂ ಸಿಗಬೇಕಾದರೆ ಅದು ಕರಾರಿನೊಳಗಿನಿಂದಲೇ ಸಿಗಬೇಕು.

ಕೇಂದ್ರ ಲೋಕೋಪಯೋಗಿ ಇಲಾಖೆಯ, ಅಂದರೆ ಸಿಪಿಡಬ್ಲ್ಯುಡಿಯ ಟೆಂಡರ್ ಪ್ರಕಟಣೆ ತೆಗೆದು ನೋಡಿ. ದರ ಕೂಗುವ ಮೊದಲು ಜಾಗಕ್ಕೆ ಹೋಗಿ, ನೆಲದ ಮತ್ತು ಒಳಮಣ್ಣಿನ ಸ್ವಭಾವವನ್ನು ಸಾಧ್ಯವಾದಷ್ಟರ ಮಟ್ಟಿಗೆ ತಿಳಿದುಕೊಳ್ಳಿ ಎಂದು ಅದು ಗುತ್ತಿಗೆದಾರರಿಗೆ ಹೇಳುತ್ತದೆ. ಮುಂದೆ ನೋಡಿದರೋ ಬಿಟ್ಟರೋ, ನೋಡಿದ್ದಾರೆ ಎಂದೇ ಭಾವಿಸಲಾಗುತ್ತದೆ. ಟೆಂಡರ್ ಹಾಕಲು ಸಿಗುವುದು ಎರಡು ಮೂರು ವಾರ. ಬೇರೆಯವರ ಜಾಗದಲ್ಲಿ ಕೊಳವೆ ಕೊರೆಯಲು ಅನುಮತಿ ಬೇಕು, ಹಣ ಬೇಕು. ಹತ್ತು ಜನ ಟೆಂಡರ್ ಹಾಕಿದರೆ ಹತ್ತೂ ಜನ ಬೇರೆಬೇರೆಯಾಗಿ ಮಣ್ಣು ಪರೀಕ್ಷೆ ಮಾಡಿಸಬೇಕೆ? ಯಾರೂ ಮಾಡಿಸುವುದಿಲ್ಲ. ವರ್ಷಗಟ್ಟಲೆ ಜಾಗ ಕೈಯಲ್ಲಿಟ್ಟುಕೊಂಡ ಮಾಲೀಕನೇ ಮಾಡಿಸಬಹುದಾದ ಕೆಲಸ ಅದು.

ಮಣ್ಣು ಪರೀಕ್ಷೆ ಎಂದರೆ ಮಂತ್ರವಲ್ಲ. ನೆಲದಲ್ಲಿ ಕೊಳವೆ ಕೊರೆಯುತ್ತಾರೆ. ಒಂದೊಂದು ಆಳದಲ್ಲೂ 63.5 ಕಿಲೊ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ತಳದ ಸರಳು 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುತ್ತಾರೆ. ಸಡಿಲ ಮರಳಿಗೆ ಐದಾರು ಏಟು ಸಾಕು. ಗಟ್ಟಿ ನೆಲಕ್ಕೆ ಐವತ್ತು ಸಾಲದು. ಮಣ್ಣಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ, ನೀರಿನ ಮಟ್ಟ ಬರೆದಿಡುತ್ತಾರೆ. ಕಷ್ಟ ಇರುವುದು ಎರಡು ಕೊಳವೆಗಳ ನಡುವಿನ ನೆಲದಲ್ಲಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ನೆಲಕ್ಕೆ ಆ ನ್ಯಾಯ ನಡೆಯುವುದಿಲ್ಲ. ಐವತ್ತು ಮೀಟರ್ ಅಂತರದ ಎರಡು ಕೊಳವೆಗಳಲ್ಲಿ ಮೆತ್ತನೆಯ ಮಣ್ಣು ಸಿಕ್ಕಿ, ಮಧ್ಯದಲ್ಲಿ ಮನೆಯಷ್ಟು ದೊಡ್ಡ ಬಂಡೆ ಮಲಗಿರಬಹುದು.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರಿನ ಅಡಿಗಿರುವುದು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಅದರ ತಲೆ ಕಾಣುತ್ತದೆ. ಈ ಕಲ್ಲು ಮೇಲಿನಿಂದ ಕೆಳಕ್ಕೆ ಸಮನಾಗಿ ಕರಗಿಲ್ಲ. ಬಿರುಕಿನಲ್ಲಿ ನೀರು ಇಳಿದಲ್ಲೆಲ್ಲ ಮಣ್ಣಾಗಿದೆ, ಇಳಿಯದ ಕಡೆ ಉಂಡೆಯಾಗಿ ಉಳಿದಿದೆ. ಮೆಟ್ರೊ ಸುರಂಗ ಯಂತ್ರಕ್ಕೆ ಇದಕ್ಕಿಂತ ಕೆಟ್ಟ ನೆಲ ಇಲ್ಲ. ಪೂರ್ತಿ ಕಲ್ಲಾದರೆ ಕಲ್ಲಿಗೆ ತಕ್ಕ ಹಲ್ಲು, ಪೂರ್ತಿ ಮಣ್ಣಾದರೆ ಮಣ್ಣಿಗೆ ತಕ್ಕ ಹಲ್ಲು ಕೂರಿಸಬಹುದು. ಯಂತ್ರದ ಮುಖದ ಕೆಳಗಿನ ಅರ್ಧಕ್ಕೆ ಕಲ್ಲು, ಮೇಲಿನ ಅರ್ಧಕ್ಕೆ ಸಡಿಲ ಮಣ್ಣು ಸಿಕ್ಕರೆ ಕಲ್ಲು ಹಲ್ಲನ್ನು ಮುರಿಯುತ್ತದೆ, ಅಷ್ಟು ಹೊತ್ತಿಗೆ ಮೇಲಿನ ಮಣ್ಣು ಒಳಗೆ ಜರಿಯುತ್ತದೆ. ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ‘ಗೋದಾವರಿ’ ಎಂಬ ಯಂತ್ರ ಹೀಗೆ ಸಿಕ್ಕಿಬಿದ್ದು ಇಡೀ ಹಸಿರು ಮಾರ್ಗವನ್ನು ಕಾಯಿಸಿತು. ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿವರೆಗೆ ರೈಲು ಓಡಿದ್ದು 2017ರ ಜೂನ್‌ನಲ್ಲಿ. ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಬಂದದ್ದು 2011ರ ಅಕ್ಟೋಬರ್‌ನಲ್ಲಿ ಎಂಬುದನ್ನು ನೆನೆದರೆ ನೆಲದಡಿಯ ಆ ಕೆಲವು ಕಿಲೊಮೀಟರ್‌ಗಳ ಭಾರ ಅರ್ಥವಾಗುತ್ತದೆ.

ಎರಡನೇ ಹಂತದ ಗುಲಾಬಿ ಮಾರ್ಗದಲ್ಲಿ ಒಂಬತ್ತು ಯಂತ್ರಗಳು ಸುಮಾರು 21 ಕಿ.ಮೀ. ಸುರಂಗ ಕೊರೆದವು. ‘ಊರ್ಜಾ’ 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂತು. ಕೊನೆಯದಾಗಿ ‘ಭದ್ರಾ’ ನಾಗವಾರದಲ್ಲಿ ಹೊರಬಂದದ್ದು 2024ರ ಅಕ್ಟೋಬರ್ 30ರಂದು. ನಡುವೆ, 2023ರ ಜನವರಿ 12ರಂದು, ಬ್ರಿಗೇಡ್ ರಸ್ತೆಯ ಶೂಲೆ ವೃತ್ತದ ಬಳಿ ಸುರಂಗದ ಮೇಲಿನ ರಸ್ತೆ ಕುಸಿದು ಬೈಕ್ ಸವಾರರೊಬ್ಬರು ಗುಂಡಿಗೆ ಬಿದ್ದು ಗಾಯಗೊಂಡರು. ನೆಲದೊಳಗಿನ ಅಪಾಯ ಮಾಲೀಕ ಮತ್ತು ಗುತ್ತಿಗೆದಾರ ಎಂಬ ಇಬ್ಬರ ಲೆಕ್ಕಪುಸ್ತಕದಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಆ ಸವಾರ ಯಾವ ಕರಾರಿಗೂ ಸಹಿ ಹಾಕಿರಲಿಲ್ಲ.

ಕರಾವಳಿಯ ಕಥೆ ಬೇರೆ. ಅಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಉಗುರಿಗೆ ಬಗ್ಗದ ಈ ಮಣ್ಣು ನೀರು ಕುಡಿದರೆ ಕಸುವು ಕಳೆದುಕೊಂಡು ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದವನಿಗೆ ಒಂದು ನೆಲ, ಆಷಾಢದಲ್ಲಿ ಅಗೆಯುವವನಿಗೆ ಇನ್ನೊಂದು ನೆಲ. ಸುರತ್ಕಲ್ಲಿನ ಎನ್ಐಟಿಕೆಯವರು ಇದರ ಮೇಲೆ ವರ್ಷಗಳಿಂದ ಅಧ್ಯಯನ ನಡೆಸಿದ್ದಾರೆ. ಘಟ್ಟದ ಬುಡದಲ್ಲಿ ಮನೆ ಕಟ್ಟುವ ಮೇಸ್ತ್ರಿಗಳಿಗೂ ಇದು ಗೊತ್ತು: ಮುರಕಲ್ಲಿನ ಪದರ ಒಡೆಯಬೇಡಿ, ಒಡೆದರೆ ಮಳೆಗೆ ಮೊದಲು ಮುಚ್ಚಿ ಅನ್ನುತ್ತಾರೆ.

ಕೊಂಕಣ ರೈಲ್ವೆ ಕಟ್ಟಿದವರಿಗೆ ಈ ಮೆತ್ತನೆಯ ನೆಲ ಕಲಿಸಿದ ಪಾಠ ಬಂಡೆ ಕಲಿಸಿದ್ದಕ್ಕಿಂತ ದೊಡ್ಡದು. ಒಟ್ಟು 760 ಕಿ.ಮೀ. ಹಾದಿ. ಮಂಗಳೂರು ಕಡೆಯಿಂದ ಉಡುಪಿಗೆ 1993ರಲ್ಲೇ ರೈಲು ಬಂತು, ಪೂರ್ತಿ ಹಾದಿ ತೆರೆದದ್ದು 1998ರ ಜನವರಿ 26ರಂದು. ಸಹ್ಯಾದ್ರಿಯ ಕರಿಕಲ್ಲಿನಲ್ಲಿ ಆರೂವರೆ ಕಿಲೊಮೀಟರ್ ಉದ್ದದ ಕರ್ಬುಡೆ ಸುರಂಗವನ್ನೇ ತೋಡಿದವರಿಗೆ ಗೋವಾದ ಪೆರ್ನೆಮ್‌ನ ಒಂದೂವರೆ ಕಿಲೊಮೀಟರ್ ಚಿಲ್ಲರೆ ಸುರಂಗ ಕೊನೆಯವರೆಗೂ ಕಾಡಿತು. ಅಗೆದಷ್ಟೂ ಒದ್ದೆ ಜೇಡಿ ಒಳಗೆ ಇಳಿದು ಬರುತ್ತಿತ್ತು. ರೈಲು ಓಡತೊಡಗಿ ಎರಡು ದಶಕ ಕಳೆದ ಮೇಲೂ ಆ ನೆಲ ಸುಮ್ಮನಾಗಿಲ್ಲ. 2020ರ ಆಗಸ್ಟ್‌ನಲ್ಲಿ ಅದೇ ಸುರಂಗದ ಗೋಡೆ ಕುಸಿಯಿತು, 2024ರ ಜುಲೈನಲ್ಲಿ ತಳದಿಂದ ನೀರು ಚಿಮ್ಮಿ ರೈಲುಗಳು ನಿಂತವು. ಕೊಂಕಣ ರೈಲ್ವೆಯ ಹೊಣೆ ಹೊತ್ತಿದ್ದ ಇ. ಶ್ರೀಧರನ್ 1997ರಲ್ಲಿ ದೆಹಲಿ ಮೆಟ್ರೊಗೆ ಹೋದರು. ಪೀತಮ್‌ಪುರದ ನಿಲ್ದಾಣವೂ ಅವರ ಕಾಲದ್ದೇ. ಅಲ್ಲಿ ಮೆಕ್ಕಲಿನಲ್ಲಿ ಕಂಬ ಇಳಿಸಿದ ಸಂಸ್ಥೆಯೇ ಹಳೆ ದೆಹಲಿಯ ಚಾವ್ರಿ ಬಜಾರ್ ಕಡೆ ಬಂದಾಗ ಅರಾವಳಿ ಸಾಲಿನ ಗಟ್ಟಿಕಲ್ಲನ್ನು ಎದುರಿಸಬೇಕಾಯಿತು. ಮಣ್ಣಿಗೊಂದು, ಕಲ್ಲಿಗೊಂದು ಎಂದು ಎರಡು ಬಗೆಯ ಯಂತ್ರ ಇಳಿಸಿದರು. ಪಕ್ಕದ ಜಾಮಾ ಮಸೀದಿ ನಿಂತಿರುವುದು ಭೋಜ್ಲಾ ಪಹಾಡಿ ಎಂಬ ಗುಡ್ಡದ ಮೇಲೆ. ಅಲ್ಲಿ ಕಲ್ಲಿದೆ ಎಂದು ಊರಿನ ಹಳೆಯ ಹೆಸರೇ ಹೇಳುತ್ತಿತ್ತು. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಮಣ್ಣು ಪರೀಕ್ಷೆಯ ಮೊದಲ ಹಾಳೆ ಹಳೆಯ ನಕಾಶೆ ಎಂದು ನಾನು ನಂಬಿದ್ದೇನೆ. ಅದನ್ನು ತೆಗೆದು ನೋಡಲು ದುಡ್ಡು ಬೇಕಿಲ್ಲ.

ಹಾಗಾದರೆ ಇಷ್ಟೆಲ್ಲ ಗೊತ್ತಿದ್ದೂ ಅಪಾಯವನ್ನು ಗುತ್ತಿಗೆದಾರನ ತಲೆಗೇ ಕಟ್ಟುವುದು ಏಕೆ? ಮಾಲೀಕನಿಗೆ ಅದು ಅಗ್ಗವಾಗಿ ಕಾಣುತ್ತದೆ. ನಿಜಕ್ಕೂ ಅಗ್ಗವೇ? ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ಕೋಟಿ ರೂಪಾಯಿಯ ಕೆಲಸ. ಕೆಳಗೆ ಬಂಡೆ ಸಿಕ್ಕರೆ 30 ಲಕ್ಷ ಹೆಚ್ಚು ಬೀಳುತ್ತದೆ, ಸಿಗದಿರಲೂಬಹುದು. ಮೂವರು ಟೆಂಡರ್ ಹಾಕುತ್ತಾರೆ. ಅನುಭವಸ್ಥ 30 ಲಕ್ಷವನ್ನೂ ಸೇರಿಸಿ ದರ ಬರೆಯುತ್ತಾನೆ. ಎರಡನೆಯವನು ಧೈರ್ಯ ಮಾಡಿ 10 ಲಕ್ಷ ಸೇರಿಸುತ್ತಾನೆ. ಮೂರನೆಯವನು ಬಂಡೆಯ ಯೋಚನೆಯನ್ನೇ ಮಾಡುವುದಿಲ್ಲ. ಕೆಲಸ ಸಿಗುವುದು ಮೂರನೆಯವನಿಗೆ, ಏಕೆಂದರೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವನಿಗೇ ಕೊಡಬೇಕೆಂಬುದು ನಮ್ಮ ಪದ್ಧತಿ. ನೆಲವನ್ನು ಎಲ್ಲರಿಗಿಂತ ಕಡಿಮೆ ಅರ್ಥ ಮಾಡಿಕೊಂಡವನನ್ನು ಹುಡುಕಿ ತೆಗೆದು ನೆಲ ಅಗೆಯುವ ಕೆಲಸ ಕೊಡುವ ಏರ್ಪಾಡು ಇದು. ಬಂಡೆ ಸಿಕ್ಕ ದಿನ ಅವನ ಲಾಭವೆಲ್ಲ ಹೋಗಿ ಕೈಯಿಂದ ಹಾಕಬೇಕಾಗುತ್ತದೆ. ಮೊದಲು ಆಳುಗಳು ಕಡಿಮೆಯಾಗುತ್ತಾರೆ. ಆಮೇಲೆ ಪತ್ರ ವ್ಯವಹಾರ. ಕೆಲಸ ನಿಲ್ಲುತ್ತದೆ. ಇಲಾಖೆ ಟೆಂಡರ್ ರದ್ದು ಮಾಡಿ ಠೇವಣಿ ಮುಟ್ಟುಗೋಲು ಹಾಕಿಕೊಳ್ಳುತ್ತದೆ, ಮರುಟೆಂಡರ್ ಕರೆಯುತ್ತದೆ. ಅಷ್ಟರಲ್ಲಿ ದರ ಏರಿರುತ್ತದೆ, ಗುಂಡಿಯಲ್ಲಿ ಎರಡು ಮಳೆಗಾಲದ ನೀರು ನಿಂತಿರುತ್ತದೆ.

ಮೂವರೂ ಜಾಣರಾದರು ಅನ್ನಿ, ಮೂವರೂ 30 ಲಕ್ಷ ಸೇರಿಸಿದರು. ಆಗ ಬಂಡೆ ಸಿಗದಿದ್ದರೂ ಮಾಲೀಕ ಬಂಡೆಯ ದುಡ್ಡು ಕೊಟ್ಟಂತಾಯಿತು. ಬೆಂಗಳೂರು ಮೆಟ್ರೊ ಎರಡನೇ ಹಂತದ ಸುರಂಗಗಳಿಗೆ ಮೊದಲು ಕರೆದ ಟೆಂಡರ್‌ಗಳಲ್ಲಿ ಅಂದಾಜಿಗಿಂತ ಬಹಳ ಹೆಚ್ಚಿನ ದರ ಬಂದು ಮತ್ತೆ ಕರೆಯಬೇಕಾಯಿತು. ಅದಕ್ಕೆ ಕಾರಣಗಳು ಹಲವು ಇದ್ದಾವು. ಮೊದಲ ಹಂತದಲ್ಲಿ ಯಂತ್ರಗಳು ಪಟ್ಟ ಪಾಡನ್ನು ಗುತ್ತಿಗೆದಾರರು ಮರೆತಿರಲಾರರು.

ಅಮೆರಿಕದ ಸರಕಾರ ಈ ಸುಳಿಯಿಂದ ಹೊರಬರುವ ದಾರಿಯನ್ನು 1920ರ ದಶಕದಲ್ಲೇ ಹಿಡಿಯಿತು. ನೆಲ ನಾವು ಹೇಳಿದಂತೆ ಇರದಿದ್ದರೆ ಹೆಚ್ಚುವರಿ ಖರ್ಚು ನಾವೇ ಕೊಡುತ್ತೇವೆ, ನೀವು ಭಯದ ದುಡ್ಡು ಸೇರಿಸಬೇಡಿ ಎಂಬ ಷರತ್ತನ್ನು ತನ್ನ ಗುತ್ತಿಗೆಗಳಿಗೆ ಸೇರಿಸಿತು. ಜಗತ್ತಿನ ದೊಡ್ಡ ಗುತ್ತಿಗೆಗಳಲ್ಲಿ ಬಳಕೆಯಾಗುವ ಫಿಡಿಕ್ ಸಂಸ್ಥೆಯ ‘ಕೆಂಪು ಪುಸ್ತಕ’ ಎಂಬ ಮಾದರಿ ಕರಾರಿನ 1999ರ ಆವೃತ್ತಿಯಲ್ಲಿ 4.12ನೆಯ ಷರತ್ತು ಇದನ್ನೇ ಹೇಳುತ್ತದೆ. ಅನುಭವಿ ಗುತ್ತಿಗೆದಾರನೊಬ್ಬ ಟೆಂಡರ್ ಹಾಕುವ ಹೊತ್ತಿಗೆ ಊಹಿಸಲಾರದಂಥ ನೆಲ ಎದುರಾದರೆ ಅವನಿಗೆ ಹೆಚ್ಚು ಕಾಲಾವಕಾಶವೂ ಖರ್ಚೂ ಸಿಗುತ್ತದೆ, ಅದರ ಮೇಲೆ ಲಾಭ ಸಿಗುವುದಿಲ್ಲ. ಇದು ನ್ಯಾಯವಾದ ಗೆರೆ ಎಂದು ನನಗೆ ಅನಿಸುತ್ತದೆ. ನಷ್ಟವಾಗಬಾರದು, ಆದರೆ ಅನಿರೀಕ್ಷಿತವೇ ಆದಾಯದ ದಾರಿಯೂ ಆಗಬಾರದು. ಅದೇ ಸಂಸ್ಥೆಯ ಬೆಳ್ಳಿ ಪುಸ್ತಕ ಪೂರ್ತಿ ತಿರುಗುಮುರುಗು: ನೆಲದ ಭಾರವೆಲ್ಲ ಗುತ್ತಿಗೆದಾರನದು. ಸುರಂಗದಂಥ ಕೆಲಸಕ್ಕೆ ಇದು ಹೊಂದುವುದಿಲ್ಲ ಎಂಬುದನ್ನು ಒಪ್ಪಿ 2019ರಲ್ಲಿ ಸುರಂಗ ತಜ್ಞರ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಪಚ್ಚೆ ಪುಸ್ತಕ ಎಂಬುದನ್ನು ತಂದರು.

ಪಚ್ಚೆ ಪುಸ್ತಕದ ತಿರುಳು ಒಂದು ವರದಿ. ನೆಲ ಹೀಗಿದೆ ಎಂದು ಮಾಲೀಕ ಟೆಂಡರ್ ಜೊತೆಗೇ ಲಿಖಿತವಾಗಿ ಒಂದು ಗೆರೆ ಎಳೆಯುತ್ತಾನೆ. ಈ ಭಾಗದಲ್ಲಿ ಇಷ್ಟು ಮೀಟರ್ ಗಟ್ಟಿಕಲ್ಲು, ಇಷ್ಟು ಮೀಟರ್ ಮಿಶ್ರ ನೆಲ, ನಿಮಿಷಕ್ಕೆ ಇಷ್ಟು ಲೀಟರ್ ನೀರು. ಈ ಗೆರೆಯೊಳಗಿನದು ಗುತ್ತಿಗೆದಾರನದು, ದಾಟಿದ್ದು ಮಾಲೀಕನದು. ಮೂವರು ಟೆಂಡರುದಾರರೂ ಒಂದೇ ನೆಲಕ್ಕೆ ದರ ಬರೆಯುತ್ತಾರೆ. ಗೆರೆ ತಪ್ಪಿದ್ದರೂ ಪರವಾಗಿಲ್ಲ, ಅಳತೆಗೆ ಒಂದು ಆಧಾರ ಇರುತ್ತದೆ. ಸುರಂಗಗಳ ನಾಡಾದ ನಾರ್ವೆಯಲ್ಲಂತೂ ಆಧಾರದ ಬೋಲ್ಟ್ ಎಷ್ಟು, ಬಿರುಕಿಗೆ ತುಂಬಿದ ಸಿಮೆಂಟ್ ಎಷ್ಟು ಎಂದು ಎಣಿಸಿ ದುಡ್ಡು ಕೊಡುತ್ತಾರೆ, ಅದಕ್ಕೆ ತಕ್ಕಂತೆ ದಿನಗಳನ್ನೂ ಕೂಡಿಸುತ್ತಾರೆ.

ನಮ್ಮ ಹಳೆಯ ಅಳತೆ–ದರ ಪದ್ಧತಿಯಲ್ಲೂ ಈ ಗುಣ ಸ್ವಲ್ಪ ಇದೆ, ಅದನ್ನು ನಾವು ಕಡೆಗಣಿಸಬಾರದು. ಸಿಪಿಡಬ್ಲ್ಯುಡಿ ದರಪಟ್ಟಿಯಲ್ಲಿ ಅಗೆತಕ್ಕೆ ಮಣ್ಣಿನ ದರ ಬೇರೆ, ಸಾಧಾರಣ ಕಲ್ಲಿನ ದರ ಬೇರೆ, ಗಟ್ಟಿಕಲ್ಲಿನದು ಬೇರೆ. ಗಟ್ಟಿಕಲ್ಲಿನಲ್ಲೂ ಸಿಡಿಮದ್ದು ಬಳಸಬಹುದಾದ ಕಡೆ ಒಂದು ದರ, ಬಳಸುವಂತಿಲ್ಲದ ಕಡೆ ಇನ್ನೊಂದು. ಹಾರೆ, ಪಿಕಾಸಿಗೆ ಒಡೆದರೆ ಸಾಧಾರಣ ಕಲ್ಲು. ಮಣ್ಣು ಕಲ್ಲು ಬೆರೆತು ಬಂದರೆ ಕಲ್ಲನ್ನು ಬೇರೆ ರಾಶಿ ಹಾಕಿ ಅಳೆದು, ಸಂದುಗಳಿಗೆಂದು ಅರ್ಧ ಕಳೆದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯುತ್ತಾರೆ. ನಿಗದಿಗಿಂತ ಪ್ರಮಾಣ ಹೆಚ್ಚಾದರೆ ದರ ಹೇಗೆ ಎಂಬುದಕ್ಕೆ 12ನೆಯ ಷರತ್ತು ಇದೆ. ಪಾಯದ ಕೆಲಸಕ್ಕೆ ಅದರಲ್ಲಿ ಬೇರೆಯೇ ಮಿತಿ, ನೆಲದಿಂದ 1.2 ಮೀಟರ್ ಎತ್ತರದವರೆಗಿನದೂ ಪಾಯವೇ ಎಂದು ಅದರ ಲೆಕ್ಕ. ನೆಲದ ವಿಷಯದಲ್ಲಿ ಎಸ್ಟಿಮೇಟ್ ತಪ್ಪುವುದು ಸಹಜ ಎಂಬ ಅರಿವು ಇದನ್ನು ಬರೆದವರಿಗೆ ಇತ್ತು. ಇತ್ತೀಚೆಗೆ ಹೆದ್ದಾರಿ, ಆಸ್ಪತ್ರೆ, ವಸತಿ ಗೃಹ ಎಲ್ಲವನ್ನೂ ವಿನ್ಯಾಸ, ಖರೀದಿ, ನಿರ್ಮಾಣ ಸೇರಿಸಿ ಒಂದೇ ಮೊತ್ತಕ್ಕೆ ಇಪಿಸಿ ಗುತ್ತಿಗೆ ಕೊಡುವ ರೂಢಿ ಬಂದಿದೆ. ಅಲ್ಲಿ ಈ ಅಳತೆಯೂ ಇಲ್ಲ. ಜಾಗವನ್ನೂ ಮಣ್ಣನ್ನೂ ಪೂರ್ತಿ ಸ್ವತಂತ್ರವಾಗಿ ಪರಿಶೀಲಿಸಿದ್ದೇನೆ ಎಂದು ಗುತ್ತಿಗೆದಾರ ಸಹಿ ಹಾಕಿಬಿಡುತ್ತಾನೆ.

ಕರಾರಿನಲ್ಲಿ ಒಳ್ಳೆಯ ಷರತ್ತು ಇದ್ದರೂ ಹಣ ಕೈಗೆ ಬರದೆ ಹೋಗುವುದು ಇನ್ನೊಂದು ಕಾರಣಕ್ಕೆ, ಮತ್ತು ಇದನ್ನು ಸಣ್ಣ ಗುತ್ತಿಗೆದಾರರು ಮನಸ್ಸಿಟ್ಟು ಕೇಳಬೇಕು. ನೆಲದೊಳಗಿನ ಸಾಕ್ಷ್ಯ ಬಹಳ ಹೊತ್ತು ಉಳಿಯುವುದಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಬಂಡೆ ಇತ್ತೆಂದು ತೋರಿಸುವುದು ಹೇಗೆ? ಬಂಡೆ ಕಂಡ ದಿನವೇ ಕೆಲಸ ನಿಲ್ಲಿಸಿ, ಲೆವೆಲ್ ತೆಗೆದು, ಅಳತೆ ಪಟ್ಟಿ ಹಿಡಿದು, ದಿನಾಂಕ ಬೀಳುವ ಫೋಟೊ ತೆಗೆದು, ಇಲಾಖೆಯ ಜೂನಿಯರ್ ಎಂಜಿನಿಯರನ್ನು ಕರೆಸಿ ಇಬ್ಬರೂ ಸಹಿ ಹಾಕಿದ ಮಹಜರು ಬರೆಸಬೇಕು. ಮಣ್ಣಿನ ಮಾದರಿಯನ್ನು ಚೀಲದಲ್ಲಿ ಕಟ್ಟಿಡಬೇಕು. ಯಾವ ಯಂತ್ರ ಎಷ್ಟು ಗಂಟೆ ಸುಮ್ಮನೆ ನಿಂತಿತು ಎಂಬುದು ಅಡಚಣೆ ವಹಿಯಲ್ಲಿ ದಾಖಲಾಗಬೇಕು. ಫಿಡಿಕ್‌ನಲ್ಲಿ 28 ದಿನದೊಳಗೆ ನೋಟಿಸ್ ಕೊಡದಿದ್ದರೆ ಹಕ್ಕೇ ಹೋಗುತ್ತದೆ. ನಮ್ಮಲ್ಲಿ ಸಾಹೇಬರಿಗೆ ಪತ್ರ ಬರೆದರೆ ಬೇಸರ ಮಾಡಿಕೊಂಡಾರು, ಮುಂದಿನ ಬಿಲ್ ತಡೆದಾರು ಎಂಬ ಅಳುಕು ಎಷ್ಟೋ ಜನರ ಕೈ ಕಟ್ಟುತ್ತದೆ. ‘ಮಾಡಿ, ಆಮೇಲೆ ಎಕ್ಸ್‌ಟ್ರಾ ಐಟಂನಲ್ಲಿ ನೋಡೋಣ’ ಎಂಬ ಬಾಯಿಮಾತು ನಂಬಿ ಕೆಲಸ ಮುಗಿಸುತ್ತಾರೆ. ಆ ಎಂಜಿನಿಯರ್ ವರ್ಗವಾಗಿ ಹೋಗುತ್ತಾರೆ. ಹೊಸಬರು ಕಾಗದ ಕೇಳುತ್ತಾರೆ. ಅದು ಅವರ ತಪ್ಪೂ ಅಲ್ಲ. ನಾಳೆ ಆಡಿಟ್‌ನವರು ಅವರನ್ನು ಕೇಳುವುದು ಕಾಗದವನ್ನೇ.

ಪತ್ರ ಬರೆಯುವುದು ಜಗಳ ತೆಗೆದಂತೆ ಎಂಬ ಭಾವನೆ ಎರಡೂ ಕಡೆಯಿಂದ ಹೋಗಬೇಕು. ಬೇಗ ತಿಳಿಸಿದರೆ ಮಾಲೀಕನಿಗೂ ಆಯ್ಕೆಗಳಿರುತ್ತವೆ. ಪಾಯದ ವಿನ್ಯಾಸ ಬದಲಿಸಬಹುದು, ಕಂಬವನ್ನು ಎರಡು ಮೀಟರ್ ಸರಿಸಬಹುದು, ತಳಮನೆಯ ಆಸೆಯನ್ನೇ ಬಿಡಬಹುದು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಬೇಸಿಗೆಗೆ ಬಾಯಿಬಿಟ್ಟು ಮಳೆಗೆ ಉಬ್ಬುವ ಮಣ್ಣಿನ ಮೇಲೆ ಸಾದಾ ಪಾಯ ಹಾಕಿ ಗೋಡೆ ಸೀಳಿಸಿಕೊಂಡವರು ಎಷ್ಟಿಲ್ಲ! ಅದೇ ಮಣ್ಣಿಗೆಂದೇ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದು ದಶಕಗಳಾದವು. ಪರಿಹಾರ ಇದೆ. ಅದಕ್ಕೆ ದುಡ್ಡು ಯಾರು ಕೊಡಬೇಕೆಂದು ಮೊದಲೇ ಬರೆದಿಟ್ಟಿದ್ದರೆ ಎಂಜಿನಿಯರುಗಳು ಆ ಪರಿಹಾರದತ್ತ ಬೇಗ ತಿರುಗುತ್ತಾರೆ.

ಬರೆದಿಡದಿದ್ದಾಗ ದುಡ್ಡು ಎಲ್ಲಿಂದ ಉಳಿಸುತ್ತಾರೆ ಎಂಬುದನ್ನೂ ಹೇಳಬೇಕು. ನೀರು ಒಸರುವ ಗುಂಡಿಯಲ್ಲಿ ಮೊದಲು ಕೈಬಿಡುವುದು ಬದಿಯ ಆಧಾರವನ್ನು. ಅಗೆತದ ಸುರಕ್ಷತೆಗೆ ಐಎಸ್ 3764 ಎಂಬ ಸಂಹಿತೆಯೇ ಇದೆ. ಆದರೆ ದರದಲ್ಲಿ ಸೇರದ ಹಲಗೆಯನ್ನು ಯಾರೂ ತರುವುದಿಲ್ಲ. ಗುಂಡಿಗೆ ಇಳಿಯುವವರು ಬಿಹಾರದವರೋ, ಬುಂದೇಲ್‌ಖಂಡದವರೋ, ನಮ್ಮ ಕಡೆಯಾದರೆ ರಾಯಚೂರು, ಯಾದಗಿರಿಯವರೋ ಆಗಿರುತ್ತಾರೆ. ಮಾಲೀಕ ತಪ್ಪಿಸಿಕೊಂಡ, ಗುತ್ತಿಗೆದಾರ ದಾಟಿಸಿಬಿಟ್ಟ ಅಪಾಯ ಕೊನೆಗೆ ಇವರ ಬೆನ್ನಿನ ಮೇಲೆ ಕುಸಿಯುತ್ತದೆ. ನೆಲದ ಷರತ್ತನ್ನು ನಾನು ಬರೀ ಹಣದ ಷರತ್ತು ಎಂದು ನೋಡದಿರುವುದು ಇದೇ ಕಾರಣಕ್ಕೆ.

ತಕರಾರು ಇತ್ಯರ್ಥವಾಗುವ ದಾರಿಯೂ ಈಗ ಕಿರಿದಾಗುತ್ತಿದೆ. ಹಿಮಾಚಲದ ಪಾರ್ವತಿ–2 ಜಲವಿದ್ಯುತ್ ಯೋಜನೆಯಲ್ಲಿ 31 ಕಿ.ಮೀ. ದಾಟಿದ ಸುರಂಗದೊಳಗೆ ನೀರು, ಹೂಳು ನುಗ್ಗಿ ಯಂತ್ರ ವರ್ಷಗಟ್ಟಲೆ ನಿಂತಿತು. 800 ಮೆಗಾವಾಟ್‌ನ ಆ ಯೋಜನೆ ಪೂರ್ಣವಾಗಿ ಕೆಲಸ ಶುರು ಮಾಡಿದ್ದು 2025ರಲ್ಲಿ. ಇಂಥ ಪ್ರಕರಣಗಳಲ್ಲಿ ಹಣದ ಪ್ರಶ್ನೆ ಸಹಜವಾಗಿ ಪಂಚಾಯ್ತಿಗೆ, ಅಂದರೆ ಮಧ್ಯಸ್ಥಗಾರರ ಮುಂದೆ ಹೋಗುತ್ತಿತ್ತು. 2024ರ ಜೂನ್ 3ರಂದು ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಸರಕಾರಿ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆಯ ತಕರಾರುಗಳಿಗೆ ಸೀಮಿತಗೊಳಿಸಿ ಎಂದಿದೆ. ಅದಕ್ಕೆ ಮೇಲ್ಪಟ್ಟದ್ದು ಸಂಧಾನಕ್ಕೆ, ಇಲ್ಲವೇ ಕೋರ್ಟಿಗೆ. ಸುರಂಗದ ತಕರಾರು ಯಾವುದೂ 10 ಕೋಟಿಯೊಳಗೆ ನಿಲ್ಲುವುದಿಲ್ಲ. ಮಣ್ಣಿನ ಮಾದರಿಯನ್ನು ಕೈಯಲ್ಲಿ ಹಿಡಿದು ಅರ್ಥ ಮಾಡಿಕೊಳ್ಳುವ ಎಂಜಿನಿಯರ್ ಬದಲು ಸಾವಿರ ಮೊಕದ್ದಮೆಗಳ ನಡುವೆ ಕುಳಿತ ನ್ಯಾಯಾಧೀಶರು ಅದನ್ನು ಬಿಡಿಸಬೇಕು. ಹಾಗಿರುವಾಗ ಟೆಂಡರಿನ ಹಂತದಲ್ಲೇ ಸ್ಪಷ್ಟವಾಗಿ ಬರೆಯುವುದು ಹಿಂದೆಂದಿಗಿಂತ ಈಗ ಅಗತ್ಯ.

ಪೀತಮ್‌ಪುರದ ಮನೆಯೊಡೆಯನಿಗೂ, ಬೆಂಗಳೂರಿನಲ್ಲಿ 30–40 ಸೈಟಿನಲ್ಲಿ ಮನೆ ಕಟ್ಟಿಸುವವರಿಗೂ ಇಷ್ಟು ದೊಡ್ಡ ಪುಸ್ತಕಗಳು ಬೇಡ. ಕರಾರಿಗೆ ಸಹಿ ಹಾಕುವ ಮೊದಲು ಎರಡು ಕೊಳವೆ ಕೊರೆಸಿ ವರದಿಯನ್ನು ಕರಾರಿಗೆ ಲಗತ್ತಿಸಿ. ಪಾಯ ಇಷ್ಟು ಅಡಿ ಆಳದವರೆಗೆ ಒಪ್ಪಿದ ದರದಲ್ಲಿ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಅಡಿಗೆ ಇಷ್ಟು. ಕಲ್ಲು ಸಿಕ್ಕರೆ ಘನ ಮೀಟರಿಗೆ ಇಷ್ಟು. ನೀರು ಬಂದರೆ ಪಂಪಿನ ಬಾಡಿಗೆ ದಿನಕ್ಕೆ ಇಷ್ಟು. ನೆರೆಯವರ ಗೋಡೆಯ ಫೋಟೊಗಳನ್ನು ಅಗೆಯುವ ಮೊದಲೇ ಅವರ ಎದುರಿಗೇ ತೆಗೆದಿಡಿ. ಒಂದು ಪುಟದಲ್ಲಿ ಮುಗಿಯುವ ಕೆಲಸ ಇದು. ಆ ಹಣ ಕೊನೆಗೆ ಖರ್ಚಾಗದಿದ್ದರೆ ಉಳಿಯುವುದು ನಿಮ್ಮಲ್ಲೇ.

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಅವಳಿ ಸುರಂಗ ರಸ್ತೆಯ ಮಾತು ಜೋರಾಗಿದೆ. ಬೇಕೋ ಬೇಡವೋ ಎಂಬ ವಾದ ಬೇರೆ. ಲಾಲ್‌ಬಾಗಿನ ಬಂಡೆಗೆ ಏನಾಗುತ್ತದೆ ಎಂಬ ಆತಂಕವೂ ನ್ಯಾಯವಾದದ್ದೇ. ಆದರೆ ಅಗೆಯುವುದೇ ಆದರೆ, ಮೊದಲು ಕೇಳಬೇಕಾದದ್ದು ಎಷ್ಟು ಕಡೆ ಕೊಳವೆ ಕೊರೆದಿರಿ, ಎಷ್ಟು ಆಳಕ್ಕೆ, ಏನು ಸಿಕ್ಕಿತು ಎಂದು. ಇದೇ ಊರಿನಲ್ಲಿ ಮೆಟ್ರೊ ಎರಡು ಹಂತಗಳಲ್ಲಿ ಹತ್ತಾರು ಕಿಲೊಮೀಟರ್ ಸುರಂಗ ಕೊರೆದು ಮುಗಿಸಿದೆ. ಯಾವ ಮೀಟರಿನಲ್ಲಿ ಕಲ್ಲು, ಎಲ್ಲಿ ಮಿಶ್ರ ನೆಲ, ಎಲ್ಲಿ ಹಲ್ಲು ಮುರಿಯಿತು ಎಂಬುದು ಆ ಯಂತ್ರಗಳ ದಿನಚರಿಯಲ್ಲಿ ದಾಖಲಾಗಿರುತ್ತದೆ. ಸಾರ್ವಜನಿಕ ಹಣದಿಂದ, ಗುತ್ತಿಗೆದಾರರ ಕಾರ್ಮಿಕರ ಬೆವರಿನಿಂದ ಆದ ದಾಖಲೆ ಅದು. ಮುಂದಿನ ಟೆಂಡರ್ ಕರೆಯುವ ದಿನ, ದರ ಬರೆಯುವ ಪ್ರತಿಯೊಬ್ಬರ ಕೈಗೂ ಆ ಹಾಳೆಗಳು ಟೆಂಡರ್ ಪತ್ರದ ಜೊತೆಗೇ ಸಿಗಬೇಕು.